ಬಳೆಗಾರ ಮಾಡಿದ ಮುಖ

“ಗುರುಗಳೇ, ವಿದ್ಯೆ ನನ್ನ ಕೈಗೆ ಬಂದಿದೆ ಎಂದು ನನಗೆ ಗೊತ್ತಾಗುವುದು ಯಾವಾಗ?”

ಕೇಳಿದವನು ಇಂದುಧರ. ಅಂಚೆ ಕಚೇರಿಯಲ್ಲಿ ಗುಮಾಸ್ತ. ಒಂಬತ್ತು ವರ್ಷಗಳಿಂದ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬಂದು, ಗುರುಗಳ ಹತ್ತಿರ ಮಣ್ಣಿನ ಮೂರ್ತಿ ಮಾಡುವುದನ್ನು ಕಲಿತು, ಸಂಜೆಯ ಬಸ್ಸಿಗೆ ಹಿಂತಿರುಗುತ್ತಿದ್ದ. ಗುರುಗಳು ಆಗ ಹಲಗೆಯ ಮೇಲೆ ಜೇಡಿಮಣ್ಣು ನಾದುತ್ತಿದ್ದರು. ತಲೆ ಎತ್ತಲಿಲ್ಲ.

“ಗೊತ್ತಾಗಿ ಏನು ಮಾಡುತ್ತೀಯ?” ಎಂದರು.

“ಗೊತ್ತಾದ ದಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಇದಕ್ಕೇ ಕೂರುತ್ತೇನೆ. ಹೆಂಡತಿಯೂ ಹೂಂ ಅಂದಿದ್ದಾಳೆ. ಆದರೆ ಒಂದು ದಿನ ಎಲ್ಲ ಬಂತು ಅನ್ನಿಸುತ್ತದೆ. ಮರುದಿನ ಏನೂ ಬಂದಿಲ್ಲ ಅನ್ನಿಸುತ್ತದೆ. ಯಾವ ಧೈರ್ಯದ ಮೇಲೆ ಬಿಡಲಿ?”

“ಓಹೋ, ಹಾಗೋ ಸಮಾಚಾರ! ಅಂಚೆಯವನಲ್ಲವೇ, ಎಲ್ಲದರ ಮೇಲೂ ಮುದ್ರೆ ಬಿದ್ದಿರಬೇಕು ನಿನಗೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಕೈಯನ್ನೂ ಸುಮ್ಮನೆ ಇಟ್ಟುಕೊಳ್ಳಬೇಡ. ಆ ಮಣ್ಣಿನಲ್ಲಿ ಇನ್ನೂ ಕಲ್ಲಿದೆ, ಆರಿಸು.”

ಇಂದುಧರ ಮಣ್ಣಿನ ಉಂಡೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಬಳೆಗಾರನಿದ್ದ. ಹೆಗಲಿಗೆ ಬಳೆಯ ಮಲಾರ ಏರಿಸಿಕೊಂಡು ಬೆಳಗಾಗುವ ಮೊದಲೇ ಹೊರಡುವವನು, ದೀಪ ಹಚ್ಚಿದ ಮೇಲೆ ಮನೆಗೆ ಬರುವವನು. ಅವನ ಅಪ್ಪನೂ ಬಳೆಗಾರನೇ. ಮಗನ ಹೆಗಲಿಗೆ ಮೊದಲ ಸಲ ಮಲಾರ ಏರಿಸಿದ ದಿನ ಆ ಅಪ್ಪ ಒಂದು ಮಾತು ಹೇಳಿದ್ದ. “ಹೆಣ್ಣುಮಕ್ಕಳು ನಿನ್ನನ್ನು ತವರಿನ ಅಣ್ಣ ಎಂದು ತಿಳಿದು ಕೈ ಕೊಡುತ್ತಾರೆ. ನಿನ್ನ ಕಣ್ಣು ಮಣಿಕಟ್ಟು ದಾಟಬಾರದು.”

ಮಗ ಆ ಮಾತು ಮೀರಲಿಲ್ಲ. ಮೂವತ್ತು ಹಳ್ಳಿಯ ಹೆಂಗಸರ ಕೈ ಅವನಿಗೆ ಗೊತ್ತಿತ್ತು. ಕೈ ಮುಟ್ಟಿದರೆ ಬಳೆಯ ಅಳತೆ ಗೊತ್ತಾಗುತ್ತಿತ್ತು. ಯಾರು ಬಸುರಿ, ಯಾರ ಮನೆಯಲ್ಲಿ ಜಗಳ, ಯಾವ ಸೊಸೆಗೆ ದುಡಿಮೆ ಹೆಚ್ಚಾಯಿತು, ಅದೂ ಗೊತ್ತಾಗುತ್ತಿತ್ತು. ಅದೇ ಹೆಂಗಸು ದಾರಿಯಲ್ಲಿ ಎದುರಾಗಿ “ಏನಣ್ಣಾ, ಚೆನ್ನಾಗಿದ್ದೀಯಾ” ಎಂದರೆ ಇವನು ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ಅವಳು ನಗುತ್ತ ಕೈ ಚಾಚಿದರೆ “ಓ, ನೀನಾ ತಾಯಿ!” ಎನ್ನುತ್ತಿದ್ದ. ನಗಬೇಡ ಇಂದುಧರ. ನಗುವ ಕತೆಯಲ್ಲ ಇದು.

ಮನೆಯಲ್ಲೂ ಅವನದು ಅದೇ ಚಾಳಿ. ಹೆಂಡತಿ ಬಡಿಸುತ್ತಿದ್ದಳು, ಇವನು ಬಡಿಸುವ ಕೈ ನೋಡುತ್ತಿದ್ದ. ಅವಳು ಮಾತಾಡುತ್ತಿದ್ದಳು, ಇವನು ತಲೆ ಬಗ್ಗಿಸಿ ಕೇಳುತ್ತಿದ್ದ. ಮುಖವನ್ನು ನೋಡಿಯೇ ಇರಲಿಲ್ಲ ಎಂದು ಹೇಳುವುದಿಲ್ಲ. ನೋಡಿದ್ದ. ನಿಂತು ನೋಡಿರಲಿಲ್ಲ. “ನಾನು ನಿಮಗೆ ಮಣಿಕಟ್ಟಿನವರೆಗೆ ಮಾತ್ರ ಹೆಂಡತಿ” ಎಂದು ಅವಳು ರೇಗಿಸುತ್ತಿದ್ದಳು. ಇವನು ನಗುತ್ತಿದ್ದ. ನೋಡಿದರಾಯಿತು, ಎಲ್ಲಿ ಹೋಗುತ್ತಾಳೆ ಎಂದುಕೊಂಡಿದ್ದ.

ಒಂದು ಬೆಳಿಗ್ಗೆ ಇವನು ಹೊರಡುವ ಹೊತ್ತಿಗೆ ಅವಳು ಬಾಗಿಲಿಗೆ ಬಂದು, “ಯಾಕೋ ಮೈ ಬೆಚ್ಚಗಿದೆ, ನೋಡಿ” ಎಂದು ಇವನ ಕೈ ಹಿಡಿದು ತನ್ನ ಹಣೆಗೆ ಇಟ್ಟುಕೊಂಡಳು. ಜ್ವರ ಬಂದಿತ್ತು. ಅಂದು ಮಲಾರ ಗೂಟಕ್ಕೆ ಬಿತ್ತು. ಎಂಥ ಜ್ವರವೋ, ಅವಳ ಕಣ್ಣಿಗೆ ಬೆಳಕು ತಡೆಯದು. ಕಿಟಕಿಗೆ ಕಂಬಳಿ ಕಟ್ಟಿದರು. ಆ ಕತ್ತಲ ಕೋಣೆಯಲ್ಲಿ ಬಳೆಗಾರ ಹೆಂಡತಿಯ ತಲೆಯ ಹತ್ತಿರ ಕೂತ. ಬಟ್ಟೆ ನೀರಲ್ಲಿ ಅದ್ದುವುದು, ಹಿಂಡುವುದು, ಅವಳ ಮುಖ ಒರೆಸುವುದು. ಮತ್ತೆ ಅದ್ದುವುದು, ಹಿಂಡುವುದು, ಒರೆಸುವುದು. ಹೀಗೆ ಇಪ್ಪತ್ತೊಂದು ದಿನ. ಇಪ್ಪತ್ತೊಂದನೆಯ ದಿನ ಅವಳು ಹೋಗಿಬಿಟ್ಟಳು. ಮುತ್ತೈದೆಯಾಗಿ ಹೋದವಳಿಗೆ ಹೊಸ ಬಳೆ ತೊಡಿಸಬೇಕು. ಬೇರೆ ಯಾರು ತೊಡಿಸುತ್ತಾರೆ? ಇವನೇ ತೊಡಿಸಿದ. ಬಳೆ ತೊಡಿಸುವಾಗ ಅವನ ಕಣ್ಣು ಅಭ್ಯಾಸದಂತೆ ಕೈಯ ಮೇಲೆಯೇ ಇತ್ತು. ಅಷ್ಟರಲ್ಲಿ ಹೆಂಗಸರು ಮುಖಕ್ಕೆ ಸೆರಗು ಎಳೆದುಬಿಟ್ಟಿದ್ದರು.

ಅವಳು ಬಿಟ್ಟುಹೋದದ್ದು ಮೂರು ವರ್ಷದ ಒಬ್ಬ ಮಗಳನ್ನು. ಪಕ್ಕದ ಮನೆಯ ಅಜ್ಜಿ ಆ ಕೂಸನ್ನು ಸಾಕಿದಳು. ಮಗಳು ಅಚ್ಚು ಅಪ್ಪನ ಹಾಗೆಯೇ ಬೆಳೆದಳು. ಅದೇ ದಪ್ಪ ಮೂಗು, ಅದೇ ಚೌಕ ಗಲ್ಲ. ಕನ್ನಡಿಯಲ್ಲಿ ಹುಡುಕಿದರೂ ಅವ್ವನ ಒಂದು ಗುರುತು ಸಿಗುತ್ತಿರಲಿಲ್ಲ.

ಮಗಳಿಗೆ ಹದಿನೈದಾದಾಗ ಒಂದು ದಿನ ಅಪ್ಪನ ಮುಂದೆ ಬಂದು ಕೂತಳು. “ಅಪ್ಪಾ, ಅವ್ವ ಕನಸಿನಲ್ಲಿ ಬರುತ್ತಾಳೆ. ಅಂಗಳದಲ್ಲಿ ನಿಂತಿರುತ್ತಾಳೆ. ಗಾಳಿಗೆ ಸೆರಗು ಹಾರಿ ಮುಖದ ಮೇಲೆ ಬಿದ್ದಿರುತ್ತದೆ. ನಾನು ಸರಿಸಲು ಹೋದರೆ ಒಳಗೆ ಮುಖವೇ ಇರುವುದಿಲ್ಲ. ನನಗೆ ಹೆದರಿಕೆಯಾಗುತ್ತದೆ. ಅವ್ವ ಹೇಗಿದ್ದಳು, ಹೇಳು.”

ಬಳೆಗಾರ ಹೆಂಡತಿಯ ಹತ್ತು ಬೆರಳಲ್ಲಿ ಯಾವುದು ಎಷ್ಟು ಉದ್ದ ಎಂದು ಹೇಳಬಲ್ಲವನಾಗಿದ್ದ. ಕಿರುಬೆರಳು ಎಲ್ಲಿ ಸೊಟ್ಟ ಎಂದು ಹೇಳಬಲ್ಲವನಾಗಿದ್ದ. ಮುಖ ಎಂದರೆ ಮಾತ್ರ ಕತ್ತಲೆ. ಹೆತ್ತ ಮಗಳ ಮುಂದೆ, ನಿನ್ನ ಅವ್ವನ ಮುಖ ನನಗೆ ಗೊತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? “ಅದನ್ನೆಲ್ಲ ಮಾತಲ್ಲಿ ಹೇಳಲು ಬರುವುದಿಲ್ಲ ಮಗಳೇ, ನಾನು ಮಾಡಿಯೇ ತೋರಿಸುತ್ತೇನೆ” ಎಂದುಬಿಟ್ಟ. ಬಾಯಿಗೆ ಬಂದ ಸುಳ್ಳು ಅದು. ಮಗಳು ನಂಬಿದಳು.

ಕೆರೆಯ ಆ ದಂಡೆಯಲ್ಲಿ ಒಬ್ಬ ಗೊಂಬೆಗಾರನಿದ್ದ. ಮಣ್ಣಿನ ಗೊಂಬೆ ಮಾಡಿ, ಆವಿಗೆಯಲ್ಲಿ ಸುಟ್ಟು, ಬಣ್ಣ ಕೊಡುವವನು. ವಯಸ್ಸಾದವನು, ಸಿಡುಕ. ಬಳೆಗಾರ ಮರುದಿನವೇ ಅವನ ಮುಂದೆ ಹೋಗಿ ನಿಂತು ವಿಷಯ ಹೇಳಿದ.

“ಇಷ್ಟೇ ತಾನೇ? ನಾನೇ ಮಾಡಿಕೊಡುತ್ತೇನೆ. ಹಣೆ ಅಗಲವೋ ಕಿರಿದೋ?”

ಬಳೆಗಾರ ನೆಲ ನೋಡಿದ.

“ಹೋಗಲಿ, ಮೂಗು?”

ಬಳೆಗಾರ ತಲೆ ಅಲ್ಲಾಡಿಸಿದ.

“ಅಯ್ಯೋ ನಿನ್ನ! ಅವಳು ನಿನ್ನ ಹೆಂಡತಿಯೇ ತಾನೇ?”

ಬಳೆಗಾರ ಅಲ್ಲೇ ಕೂತು ಅತ್ತುಬಿಟ್ಟ. ಹೆಂಡತಿ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ಗೊಂಬೆಗಾರ ಸಿಡುಕನಾದರೂ ಕೆಟ್ಟವನಲ್ಲ. ಒಂದು ಉಂಡೆ ಮಣ್ಣು ತಂದು ಅವನ ಮುಂದೆ ಇಟ್ಟ. “ಹಾಗಾದರೆ ನೀನೇ ಹುಡುಕಬೇಕು. ಕಲಿ” ಎಂದ.

ಬಳೆಗಾರ ಕಲಿತ. ಬೆಳಿಗ್ಗೆ ಹಳ್ಳಿ ಸುತ್ತುವುದು, ಮಧ್ಯಾಹ್ನ ಕೆರೆಯ ದಂಡೆಗೆ ಬರುವುದು. ಮಣ್ಣು ನೆನೆಸುವುದು, ತುಳಿಯುವುದು, ಕಲ್ಲು ಆರಿಸುವುದು. ನೀನು ಈಗ ಮಾಡುತ್ತಿದ್ದೀಯಲ್ಲ, ಅದೇ. ಮೊದಲ ವರ್ಷ ಮುಗಿಯುವುದರೊಳಗೆ ಅವನೊಂದು ಕೈ ಮಾಡಿದ. ಹೆಂಗಸಿನ ಕೈ. ಗೊಂಬೆಗಾರ ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ನನಗೂ ಬರುವುದಿಲ್ಲವಲ್ಲ ಎಂದುಕೊಂಡ. ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೂ ಬಳೆಗಾರನಿಗೆ ಅದು ಬೇಕಾಗಿರಲಿಲ್ಲ. ಕೈಯನ್ನು ಮುದ್ದೆ ಮಾಡಿ ಮತ್ತೆ ಮಣ್ಣಿಗೆ ಸೇರಿಸಿದ. ಅವನಿಗೆ ಬೇಕಾದದ್ದು ಒಂದು ಮುಖ.

ಮುಖ ಮಾತ್ರ ಬರಲೊಲ್ಲದು. ಮಾಡಿದ ಮುಖವನ್ನು ಹಲಗೆಯ ಮೇಲಿಟ್ಟುಕೊಂಡು, ಮಗಳು ಮನೆಯಲ್ಲಿಲ್ಲದ ಹೊತ್ತು ನೋಡಿ, ಪಕ್ಕದ ಮನೆಯ ಅಜ್ಜಿಯ ಹತ್ತಿರ ಒಯ್ಯುತ್ತಿದ್ದ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. “ಇವಳಲ್ಲಪ್ಪ” ಎನ್ನುತ್ತಿದ್ದಳು.

“ಹಾಗಾದರೆ ಹೇಗಿದ್ದಳು, ನೀನೇ ಹೇಳಜ್ಜಿ.”

“ಹೇಗಿದ್ದಳು ಎಂದರೆ ಹೇಗೆ ಹೇಳಲೋ? ಅವಳು ಅವಳ ಹಾಗೆ ಇದ್ದಳು.”

ಏಳು ಮುಖ ಮಾಡಿದ. ಏಳು ಸಲವೂ ಅಜ್ಜಿ ಅದೇ ಹೇಳಿದಳು.

ಅವನಿಗೆ ತಲೆ ಕೆಟ್ಟಂತಾಯಿತು. ಮುಖ ಎಂದರೇನೆಂದೇ ನನಗೆ ಗೊತ್ತಿಲ್ಲ, ಮೊದಲು ನಾಲ್ಕು ಮುಖ ನೋಡಿ ಕಲಿಯಬೇಕು ಎಂದುಕೊಂಡ. ಒಂದು ಹಳ್ಳಿಯ ಜಗುಲಿಯಲ್ಲಿ ಹೊಸ ಸೊಸೆಯೊಬ್ಬಳಿಗೆ ಬಳೆ ತೊಡಿಸುತ್ತ, ಅಪ್ಪ ಹೇಳಿದ ಮಾತನ್ನು ಮೀರಿ, ಮೊದಲ ಸಲ ಕಣ್ಣು ಎತ್ತಿ ಅವಳ ಮುಖ ನೋಡಿದ. ನೋಡುತ್ತ ಕೂತುಬಿಟ್ಟ. ಹುಬ್ಬು ಎಲ್ಲಿ ಶುರುವಾಗುತ್ತದೆ, ಕೆನ್ನೆ ಎಲ್ಲಿ ತಿರುಗುತ್ತದೆ ಎಂದು ನೋಡುತ್ತಿದ್ದ, ಪಾಪ. ಅವಳಿಗೇನು ಗೊತ್ತು? ಕೈ ಎಳೆದುಕೊಂಡಳು. ಅರ್ಧ ತೊಟ್ಟ ಬಳೆ ಒಡೆಯಿತು. ಅತ್ತೆ ಹೊರಗೆ ಬಂದಳು. ಬಳೆಗಾರ ಎದ್ದು ಮಲಾರ ಹೊತ್ತುಕೊಂಡ. ಆ ಬೀದಿಯಲ್ಲಿ ಮತ್ತೆ ಯಾರೂ ಅವನಿಗೆ ಕೈ ಕೊಡಲಿಲ್ಲ. ಇಪ್ಪತ್ತೈದು ವರ್ಷ ಅಣ್ಣಾ ಎಂದು ಕರೆದ ಬೀದಿ ಅದು. ಅವನು ಹೊಲದ ಬದುವಿನ ಮೇಲೆ ಕೂತು ತನ್ನನ್ನು ತಾನೇ ಬೈದುಕೊಂಡ.

ಆ ದಿನಗಳಲ್ಲಿ ಹೆಂಡತಿ ಅವನ ಕನಸಿಗೂ ಬರುತ್ತಿದ್ದಳು. ಎದುರಿಗೆ ಕೂತು ಕೈ ಚಾಚಿರುತ್ತಿದ್ದಳು. ಕೈ ಅವಳದೇ, ಅನುಮಾನವಿಲ್ಲ. ಸುತ್ತ ನೀರೋ ಮಂಜೋ ತಿಳಿಯದಂಥ ಒಂದು ಬೆಳಕು. ಇವನು ಕನಸಿನೊಳಗೇ ಅಂದುಕೊಳ್ಳುತ್ತಿದ್ದ: ಈಗ ತಲೆ ಎತ್ತು, ಇದೇ ಹೊತ್ತು, ಎತ್ತು. ಕತ್ತು ಎತ್ತಲು ಬರುತ್ತಿರಲಿಲ್ಲ. ಅವಳು ಕಾಯುತ್ತಿದ್ದಳು. ಬಳೆಗಳು ಮೆಲ್ಲಗೆ ಸದ್ದು ಮಾಡುತ್ತಿದ್ದವು. ಎಚ್ಚರವಾಗುತ್ತಿತ್ತು.

ಹೀಗೆ ನಾಲ್ಕು ವರ್ಷ ಹೋಯಿತು. ಮಗಳಿಗೆ ಮದುವೆ ಗೊತ್ತಾಯಿತು. ಗಂಡಿನ ಮನೆ ದೂರ, ನದಿ ದಾಟಿ ಹೋಗಬೇಕು. ಮಗಳು ಅಪ್ಪನ ಹತ್ತಿರ ಬಂದು, “ಅಪ್ಪಾ, ನನಗೆ ಸೀರೆ ಬೇಡ, ಒಡವೆ ಬೇಡ. ಅವ್ವನ ಮುಖವನ್ನು ಒಂದು ಸಲ ನೋಡಿ ಈ ಮನೆಯಿಂದ ಹೋಗುತ್ತೇನೆ. ಮಾಡುತ್ತೇನೆ ಎಂದಿದ್ದೆಯಲ್ಲ” ಎಂದಳು. ಮದುವೆಗೆ ಎರಡು ತಿಂಗಳಿತ್ತು. ಬಳೆಗಾರ ಹೂಂ ಎಂದ. ಆ ರಾತ್ರಿಯಿಂದ ಅವನಿಗೆ ನಿದ್ದೆ ಹತ್ತಲಿಲ್ಲ.

ಎಂಟನೆಯ ಮುಖ ಶುರುಮಾಡಿದ. ಒಂದು ಮಧ್ಯಾಹ್ನ ಅದರ ಮೈ ನಯವಾಗಲೆಂದು ಒದ್ದೆ ಬಟ್ಟೆಯಿಂದ ಒರೆಸುತ್ತ ಕೂತಿದ್ದ. ಸೆಕೆ. ಗಾಳಿ ಇಲ್ಲ. ಕೆರೆಯ ನೀರು ಅಲುಗುತ್ತಿರಲಿಲ್ಲ. ನಾಲ್ಕು ದಿನ ನಿದ್ದೆಗೆಟ್ಟವನು, ಕಣ್ಣು ತಾನಾಗಿ ಮುಚ್ಚಿತು. ಕೈ ಮಾತ್ರ ನಿಲ್ಲಲಿಲ್ಲ. ಅದ್ದಿತು, ಹಿಂಡಿತು, ಒರೆಸಿತು. ಹಣೆ, ಕಣ್ಣಿನ ಗುಳಿ, ಮೂಗಿನ ಪಕ್ಕ, ತುಟಿಯ ಕೆಳಗೆ, ಕತ್ತು. ಮತ್ತೆ ಅದ್ದಿತು, ಹಿಂಡಿತು, ಒರೆಸಿತು. ಕೈ ಹುಬ್ಬಿನ ಹತ್ತಿರ ತಟ್ಟನೆ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಬಂತು. ಇಲ್ಲಿ ಮೂಳೆ ಇರಬೇಕಿತ್ತು, ಇಲ್ಲ. ಹೆಬ್ಬೆರಳು ತಾನಾಗಿ ಮಣ್ಣನ್ನು ಮೇಲಕ್ಕೆ ಒತ್ತಿತು.

ಕೆಲಸ ಬಿಟ್ಟು ತೂಕಡಿಸುತ್ತಾನೆ ಎಂದು ಬೈಯಲು ಬಾಯಿ ತೆರೆದಿದ್ದ ಗೊಂಬೆಗಾರ ಆ ಹೆಬ್ಬೆರಳನ್ನು ನೋಡಿ ಬಾಯಿ ಮುಚ್ಚಿದ. ಹತ್ತಿರ ಬಂದ ಕೋಳಿಯೊಂದನ್ನು ಸದ್ದಾಗದಂತೆ ಕಾಲಲ್ಲಿ ಸರಿಸಿದ.

ಬಳೆಗಾರನಿಗೆ ಎಚ್ಚರವಾಯಿತು. ತಾನು ಒತ್ತಿದ್ದ ಹುಬ್ಬು ನೋಡಿ ಗಾಬರಿಯಾದ. “ಅಯ್ಯೋ, ಕೆಡಿಸಿಬಿಟ್ಟೆ” ಎಂದು ಸರಿಮಾಡಲು ಹೋದ. ಗೊಂಬೆಗಾರ ಅವನ ಕೈಯ ಮೇಲೆ ಪಟ್ಟೆಂದು ಹೊಡೆದ.

“ಮುಟ್ಟಬೇಡ! ಕಣ್ಣು ಮುಚ್ಚು ಮೊದಲು.”

“ಯಾಕೆ ಯಜಮಾನರೇ?”

“ನಿನ್ನ ಕಣ್ಣಿಗೆ ಅವಳ ಗುರುತೇ ಇಲ್ಲ. ಅದನ್ನು ಕರೆದು ಯಾಕಯ್ಯಾ ಸಾಕ್ಷಿ ಹೇಳಿಸುತ್ತೀ?” ಎಂದು ತನ್ನ ಹೆಗಲ ವಸ್ತ್ರ ತೆಗೆದು ಬಳೆಗಾರನ ಕಣ್ಣಿಗೆ ಬಿಗಿಯಾಗಿ ಕಟ್ಟಿದ.

ಕಟ್ಟಿದ ಮೇಲೆ ಕತ್ತಲೆ. ಕಿಟಕಿಗೆ ಕಂಬಳಿ ಕಟ್ಟಿದ್ದ ಕೋಣೆಯ ಕತ್ತಲೆಯೇ ಅದು. ಬಳೆಗಾರ ಬಟ್ಟೆ ಅದ್ದಿದ. ಕೈಗೆ ಎಲ್ಲ ನೆನಪಿತ್ತು. ಹಣೆ ಕಿರಿದು. ಎಡಗಿವಿಯ ಹತ್ತಿರ ಒಂದು ಸಣ್ಣ ತಗ್ಗು. ಗಲ್ಲದ ಕೆಳಗೆ ಹಳೆಯ ಗಾಯದ ಗೀರು. ಇವೆಲ್ಲ ಇದ್ದವೆಂದು ಅವನಿಗೇ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಒಂದು ಮುಖ ಮೂಡಿತ್ತು. ಬಳೆಗಾರ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಕೆನ್ನೆ ಒಳಗೆ ಹೋಗಿತ್ತು. ತುಟಿ ಒಡೆದಿತ್ತು. ಕಣ್ಣಿನ ಗುಳಿಯಲ್ಲಿ ಹೆಬ್ಬೆರಳು ಮುಳುಗುತ್ತಿತ್ತು. ಅದು ಇಪ್ಪತ್ತೊಂದನೆಯ ದಿನದ ಮುಖ.

“ಇದನ್ನು ನನ್ನ ಮಗಳಿಗೆ ತೋರಿಸಲಾರೆ” ಎಂದ.

ಬಳೆಗಾರ ಹೆಬ್ಬೆರಳಿಂದ ಆ ಕೆನ್ನೆಯನ್ನು ಇನ್ನೊಮ್ಮೆ ಸವರಿದ. ಆಮೇಲೆ ಮೆಲ್ಲಗೆ, “ಅದರ ಹಿಂದಿನ ದಿನ ಇಷ್ಟು ಇಳಿದಿರಲಿಲ್ಲ” ಎಂದ.

ಮರುದಿನ ಬಂದು, ಹೊರಗೇ ಕಣ್ಣು ಕಟ್ಟಿಕೊಂಡು ಒಳಗೆ ಹೋಗಿ, ಇಪ್ಪತ್ತನೆಯ ದಿನದ ಮುಖಕ್ಕೆ ಕೂತ. ಉದ್ದಿನ ಕಾಳಿನಷ್ಟು ಮಣ್ಣು ಕೆನ್ನೆಗೆ ಹಾಕಿದ. ಒರೆಸಿದ. ಇನ್ನೊಂದು ಕಾಳು ಹಾಕಿದ. ಅದರ ಮರುದಿನ ಹತ್ತೊಂಬತ್ತನೆಯದು. ಹಾಗೆ ದಿನಕ್ಕೊಂದು ದಿನ ಹಿಂದಕ್ಕೆ ಹೋದ. ಬಂದ ಜ್ವರ ದಿನವೂ ಒಂದಿಷ್ಟು ಇಳಿಯಿತು. ಒಡೆದ ತುಟಿ ಕೂಡಿತು. ಕಣ್ಣಿನ ಗುಳಿ ತುಂಬಿತು. ದೂರದಲ್ಲಿ ಅಗಸರು ಬಟ್ಟೆ ಒಗೆಯುವ ಸದ್ದು, ನೀರು ಹಿಂಡುವ ಸದ್ದು, ಬಿಟ್ಟರೆ ಬೇರೆ ಸದ್ದಿಲ್ಲ. ಒಮ್ಮೊಮ್ಮೆ ಬಳೆಗಾರ ಮಣ್ಣಿನ ಕಿವಿಯ ಹತ್ತಿರ ಬಗ್ಗಿ, “ನೀರು ಬೇಕಾ?” ಎಂದು ಕೇಳುತ್ತಿದ್ದ. ಆಗ ಗೊಂಬೆಗಾರ ಎದ್ದು ಹೊರಗೆ ಹೋಗುತ್ತಿದ್ದ. ಹೊರಗೆ ಅವನಿಗೇನೂ ಕೆಲಸವಿರುತ್ತಿರಲಿಲ್ಲ.

ಇಪ್ಪತ್ತೊಂದು ದಿನವಾದ ಮೇಲೆ ಬಳೆಗಾರ ಜ್ವರ ಬಂದ ಬೆಳಿಗ್ಗೆಗೆ ಬಂದು ಮುಟ್ಟಿದ. ಅವಳು ಬಾಗಿಲಿಗೆ ಬಂದು ಅವನ ಕೈಯನ್ನು ಹಣೆಗಿಟ್ಟುಕೊಂಡ ಬೆಳಿಗ್ಗೆ. ಅಂಗೈಯನ್ನು ಮಣ್ಣಿನ ಹಣೆಯ ಮೇಲೆ ಇಟ್ಟ. ಇಟ್ಟುಕೊಂಡೇ ಇದ್ದ.

“ಇದಕ್ಕಿಂತ ಹಿಂದೆ ನನಗೆ ಗೊತ್ತಿಲ್ಲ” ಎಂದ.

“ಸಾಕು. ಕಣ್ಣು ಬಿಚ್ಚಿ ನೋಡು” ಎಂದ ಗೊಂಬೆಗಾರ.

“ಬೇಡ. ಹಸಿ ಇರುವಾಗ ನೋಡಿದರೆ ನನ್ನ ಕಣ್ಣು ಸುಮ್ಮನಿರುವುದಿಲ್ಲ, ಏನಾದರೂ ತಿದ್ದಿಸುತ್ತದೆ. ಸುಟ್ಟ ಮೇಲೆ ನೋಡುತ್ತೇನೆ” ಎಂದು ಬಳೆಗಾರ ಕಟ್ಟು ಬಿಚ್ಚದೆಯೇ ಗೋಡೆ ಹಿಡಿದು ಹೊರಗೆ ಹೋದ.

ಮುಂದಿನ ಕೆಲಸವೆಲ್ಲ ಗೊಂಬೆಗಾರನದು. ಗಟ್ಟಿ ಮಣ್ಣಿನ ತಲೆಯನ್ನು ಹಾಗೆಯೇ ಸುಟ್ಟರೆ ಸಿಡಿಯುತ್ತದೆ, ನಿನಗೆ ಗೊತ್ತಲ್ಲ. ಹಿಂದಿನಿಂದ ಕೊರೆದು ಒಳಗಿನ ಮಣ್ಣು ತೆಗೆದ. ನೆರಳಲ್ಲಿ ಒಣಗಿಸಿದ. ಆವಿಗೆಗೆ ಇಟ್ಟ ದಿನ ಅವನು ಊಟ ಮಾಡಲಿಲ್ಲ. ಸಾವಿರ ಗೊಂಬೆ ಸುಟ್ಟವನು ಒಂದು ತಲೆಗೆ ಅಷ್ಟು ಹೆದರಿದ. ಮುಖ ಕೆಂಪಗೆ, ಇಡಿಯಾಗಿ ಹೊರಗೆ ಬಂತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಬಳೆ ತೊಡಿಸುವ ಶಾಸ್ತ್ರಕ್ಕೆ ಬೀದಿಯ ಹೆಂಗಸರೆಲ್ಲ ಬಳೆಗಾರನ ಮನೆಯಲ್ಲಿ ಸೇರಿದ್ದರು. ಬಳೆಗಾರ ಬಟ್ಟೆ ಸುತ್ತಿದ ಮುಖವನ್ನು ತಂದು ಜಗುಲಿಯ ಮೇಲಿಟ್ಟು, ತಾನು ಬಾಗಿಲ ಮರೆಗೆ ಹೋಗಿ ನಿಂತ. ಒಂಬತ್ತನೆಯ ಮುಖ ಮಾಡಲು ದಿನ ಉಳಿದಿರಲಿಲ್ಲ. ಅಜ್ಜಿ ಇವಳಲ್ಲಪ್ಪ ಎಂದರೆ ಅಲ್ಲಿಗೆ ಮುಗಿಯಿತು. ಮಗಳು ಮುಖವಿಲ್ಲದ ಅವ್ವನನ್ನೇ ಕಟ್ಟಿಕೊಂಡು ನದಿ ದಾಟಬೇಕು.

ಅಜ್ಜಿ ಬಟ್ಟೆ ಬಿಚ್ಚಿದಳು. ಕಣ್ಣು ಕಿರಿದು ಮಾಡಿದಳು. ನೋಡಿದಳು. ಇವಳಲ್ಲ ಎನ್ನಲಿಲ್ಲ. ಹೌದು ಎಂದೂ ಹೇಳಲಿಲ್ಲ. ಆ ಮುಖಕ್ಕೇ ಬೈದಳು.

“ಎಲ್ಲಿ ಹೋಗಿದ್ದೆಯೇ ಇಷ್ಟು ವರ್ಷ? ಮಗಳ ಮದುವೆಯ ಹೊತ್ತಿಗಾದರೂ ಬಂದೆಯಲ್ಲ!”

ಹೆಂಗಸರು ಮುಂದೆ ಬಂದರು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಬ್ಬಳು ಮಣ್ಣಿನ ಹಣೆಗೆ ಕುಂಕುಮ ಇಟ್ಟಳು. ಮಗಳು ಮಂಡಿಯೂರಿ ಮುಖದ ಎದುರಿಗೆ ಕೂತಳು. ನೋಡಿದಳು, ನೋಡಿದಳು. ಆಮೇಲೆ ತನ್ನ ಕೆನ್ನೆಯನ್ನು ಅದರ ಕೆನ್ನೆಗೆ ಇಟ್ಟು, “ಅವ್ವಾ, ನಾನು ನಾಳೆ ಹೋಗುತ್ತೇನೆ” ಎಂದಳು.

ಬಳೆಗಾರ ಬಾಗಿಲಲ್ಲೇ ನಿಂತಿದ್ದ. ಅಷ್ಟು ಜನ ಹೆಂಗಸರ ನಡುವೆ ಅವನ ಕಣ್ಣು ಎಂದಿನಂತೆ ನೆಲ ನೋಡುತ್ತಿತ್ತು. “ಅಪ್ಪಾ, ಬಾ, ನೋಡು” ಎಂದು ಮಗಳು ಕರೆದಳು. ಹೆಂಗಸರು ದಾರಿ ಬಿಟ್ಟರು. ಅವನು ಹತ್ತಿರ ಬಂದು ತಲೆ ಎತ್ತಿದ.

ಅವನ ಪಾಲಿಗೆ ಅದು ಯಾರೋ ಒಬ್ಬ ಹೆಂಗಸಿನ ಮುಖ. ಗುರುತು ಹಿಡಿಯಲು ಅವನಲ್ಲಿ ಏನೂ ಇರಲಿಲ್ಲ. ಊರಿನವರೆಲ್ಲ ಬಲ್ಲ ಮುಖವನ್ನು ಅವನು ಅಂದೇ ಮೊದಲು ನಿಂತು ನೋಡುತ್ತಿದ್ದ. ಕಣ್ಣು ಇಳಿಸಲಿಲ್ಲ. ಬಳೆ ತೊಡಿಸುವ ಹೊತ್ತು ಮೀರುತ್ತಿತ್ತು, ಯಾರೂ ಅವನನ್ನು ಕರೆಯಲಿಲ್ಲ. ಬಿಸಿಲು ಜಗುಲಿ ಹತ್ತಿ, ಮುಖದ ಗಲ್ಲದವರೆಗೆ ಬಂತು.

ಕೊನೆಗೆ ಅವನು ಅಜ್ಜಿಯ ಕಡೆಗೆ ತಿರುಗದೆಯೇ ಕೇಳಿದ.

“ಅಜ್ಜೀ, ಇವಳು ಇಷ್ಟು ಚೆಂದ ಇದ್ದಳಾ?”

“ಇದ್ದಳಪ್ಪ” ಎಂದಳು ಅಜ್ಜಿ. “ದಿನಾ ಇದ್ದಳು.”

ಬಳೆಗಾರ ಆ ಮುಖದ ಎದುರಿಗೇ ಕೂತು ನೋಡುತ್ತಲೇ ಇದ್ದ.

ಗುರುಗಳು ಮಾತು ನಿಲ್ಲಿಸಿ ಕೈಗೆ ಅಂಟಿದ್ದ ಮಣ್ಣು ಬಿಡಿಸಿಕೊಳ್ಳತೊಡಗಿದರು. ಇಂದುಧರನ ಮುಂದೆ ಆರಿಸಿದ ಕಲ್ಲು ಒಂದು ಹಿಡಿಯಷ್ಟಿತ್ತು. ಸಂಜೆಯ ಬಸ್ಸಿನ ಹೊತ್ತು ಹತ್ತಿರವಾಗಿತ್ತು. ಅವನು ಏಳಲಿಲ್ಲ. ಕೇಳಿದ.

“ಗುರುಗಳೇ, ತನ್ನ ಕೈಗೆ ವಿದ್ಯೆ ಬಂದಿದೆ ಎಂದು ಅವನಿಗೆ ಆಗಲಾದರೂ ಗೊತ್ತಾಯಿತೇ?”

ಗುರುಗಳು ಅವನ ಮುಖ ನೋಡಿದರು.

“ಅವನು ಹೆಂಡತಿಯನ್ನು ನೋಡುತ್ತಿದ್ದ ಕಣಯ್ಯಾ, ತನ್ನ ಕೈ ನೋಡಿಕೊಳ್ಳಲು ಅವನಿಗೆ ಪುರಸೊತ್ತೆಲ್ಲಿತ್ತು!”